ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ

ಹಳೆಯ ಕಾರುಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನ ನಾನಾ ರೂಪಗಳು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಮತ್ತು ಪಾಯಿಂಟ್ ಇರುವ ಹಳೆಯ ಪೆಟ್ರೋಲ್ ಕಾರು. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಎಂಜಿನ್ ಒಂದು ಸಲವೂ ಕೆಮ್ಮುವುದಿಲ್ಲ. ಪ್ಲಗ್, ಕಾಯಿಲ್, ಪೆಟ್ರೋಲ್ ಫಿಲ್ಟರ್ ಮೂರನ್ನೂ ಬದಲಾಯಿಸಿ ಆಯಿತು. ಇನ್ನು ಏನನ್ನು ಬದಲಾಯಿಸಬೇಕು?

ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ. ಗಾಡಿ ಈಗ ಸ್ಟಾರ್ಟ್ ಆಗದ ಸ್ಥಿತಿಯಲ್ಲಿದೆಯಲ್ಲ, ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಬಿಡಿಭಾಗ ಬದಲಾಯಿಸುತ್ತ ಹೋದಂತೆ ಹಳೆಯ ದೋಷದ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ತೆಗೆದ ಪ್ಲಗ್ ವೈರು ತಪ್ಪು ಜಾಗಕ್ಕೆ ಹೋಗಿರುತ್ತದೆ, ಇಲ್ಲವೇ ಹೊಸ ಪಾರ್ಟೇ ಕೆಟ್ಟದ್ದಾಗಿರುತ್ತದೆ. ಮೊದಲು ತಿಳಿಯಬೇಕಾದದ್ದು ಇಷ್ಟೇ: ಇಲ್ಲದಿರುವುದು ಕರೆಂಟೋ, ಪೆಟ್ರೋಲೋ?

ಅದಕ್ಕೂ ಮುಂಚೆ ಬ್ಯಾಟರಿ. 'ಚೆನ್ನಾಗಿ ತಿರುಗುತ್ತದೆ' ಎಂಬುದು ಕಿವಿಯ ಲೆಕ್ಕ. ಮೀಟರ್ ಹಿಡಿದು ನೋಡಿ. ರಾತ್ರಿಯಿಡೀ ಸುಮ್ಮನಿದ್ದ ಪೂರ್ತಿ ಚಾರ್ಜ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ ಸೆಲ್ಫ್ ಏನೋ ತಿರುಗೀತು, ಕಾಯಿಲ್‌ಗೆ ಮಾತ್ರ ಸಾಕಷ್ಟು ವೋಲ್ಟೇಜ್ ಉಳಿದಿರುವುದಿಲ್ಲ. ಬ್ಯಾಟರಿ ಹೊಸದಾಗಿದ್ದೂ ಹೀಗಾದರೆ ಎಂಜಿನ್ನಿನ ಅರ್ಥ್ ಪಟ್ಟಿಯನ್ನು ನೋಡಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ; ಮಧ್ಯೆ ಅರ್ಧ ನಿಮಿಷವಾದರೂ ಸೆಲ್ಫ್ ಮೋಟರಿಗೆ ಬಿಡುವು ಬೇಕು.

ಈಗ ಕರೆಂಟ್. ಪಾಯಿಂಟ್ ಎಂಬ ಸಣ್ಣ ಸ್ವಿಚ್ ತೆರೆದಾಗಲೆಲ್ಲ ಕಾಯಿಲ್ ಹೆಚ್ಚಿನ ವೋಲ್ಟೇಜ್ ಹುಟ್ಟಿಸುತ್ತದೆ; ಡಿಸ್ಟ್ರಿಬ್ಯೂಟರ್ ಅದನ್ನು ತನ್ನೊಳಗೆ ತಿರುಗುವ ರೋಟರ್ ಮತ್ತು ಮೇಲಿನ ಕ್ಯಾಪ್ ಮೂಲಕ ಒಂದೊಂದೇ ಪ್ಲಗ್ಗಿಗೆ ಹಂಚುತ್ತದೆ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಜಂಪರ್ ವೈರಿನಿಂದ ಗಟ್ಟಿಯಾಗಿ ಅರ್ಥ್ ಮಾಡಿ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಹಾಗಾಗಿ ಅದರಿಂದ ದೂರವಿಡಿ. ಕೈಯಲ್ಲಿ ಹಿಡಿಯಬೇಡಿ: ಬರುವುದು ಹದಿನೈದು, ಇಪ್ಪತ್ತು ಸಾವಿರ ವೋಲ್ಟ್. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರ ಬರಲೇಬಾರದು. ನೆರಳಿನಲ್ಲಿ ನಿಂತು ನೋಡಿ. ನೀಲಿ ಬಣ್ಣದ, ಚಟ್ ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ಕರೆಂಟ್ ಸರಿ ಇದೆ. ಸಣ್ಣಗೆ ಹಳದಿಯೋ ಕಿತ್ತಳೆಯೋ ಆಗಿದ್ದರೆ ಅದನ್ನು ಇಲ್ಲ ಎಂದೇ ಲೆಕ್ಕ ಹಾಕಿ. ಹೊರಗಿನ ಗಾಳಿಯಲ್ಲಿ ಹಾರುವ ದುರ್ಬಲ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರುವುದಿಲ್ಲ.

ಪ್ಲಗ್ಗಿನಲ್ಲಿ ಕಿಡಿ ಇಲ್ಲವೆಂದರೆ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ನಡುವಿಗೆ ಬರುವ ದಪ್ಪ ವೈರನ್ನು ಕಳಚಿ, ಅದರಲ್ಲಿ ಕಿಡಿ ಇದೆಯೇ ನೋಡಿ. ಇಲ್ಲಿ ಇದ್ದು ಪ್ಲಗ್ಗಿನಲ್ಲಿ ಇಲ್ಲದಿದ್ದರೆ ದೋಷ ಪ್ಲಗ್ ವೈರು, ಕ್ಯಾಪ್ ಅಥವಾ ರೋಟರ್‌ನದು. ಕ್ಯಾಪಿನ ಒಳಗೆ ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ, ಕೂದಲೆಳೆಯಂಥ ಬಿರುಕು, ತೇವ, ನಡುವಿನ ಕಾರ್ಬನ್ ತುಂಡು ಸವೆದಿರುವುದು ಇವನ್ನೆಲ್ಲ ಹುಡುಕಿ. ರೋಟರ್ ನೋಟಕ್ಕೆ ಹೊಸದರಂತಿದ್ದರೂ ಅದರ ಪ್ಲಾಸ್ಟಿಕ್ ಒಳಗಿಂದ ತೂತಾಗಿ ಕರೆಂಟ್ ನೇರ ಶಾಫ್ಟಿಗೆ ಇಳಿದುಹೋಗುವುದುಂಟು. ಕ್ಯಾಪ್ ತೆಗೆದು, ಕಾಯಿಲ್ ವೈರಿನ ತುದಿಯನ್ನು ರೋಟರಿನ ಹಿತ್ತಾಳೆ ಪಟ್ಟಿಗಿಂತ 5-6 ಮಿ.ಮೀ. ಮೇಲೆ ನಿಲ್ಲಿಸಿ ಸೆಲ್ಫ್ ಹೊಡೆಸಿ. ಕಿಡಿ ಒಂದೇ ಸಮನೆ ಪಟ್ಟಿಗೆ ಹಾರಿದರೆ ರೋಟರ್ ತೂತಾಗಿದೆ, ಎಸೆಯಿರಿ.

ದಪ್ಪ ವೈರಿನಲ್ಲೂ ಕಿಡಿ ಇಲ್ಲವೇ? 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ಸಾಕು. ಒಂದು ತುದಿ ಅರ್ಥ್‌ಗೆ ಹಿಡಿಯಿರಿ. ಕೀ ಆನ್ ಮಾಡಿ ಇನ್ನೊಂದನ್ನು ಕಾಯಿಲ್‌ನ ಪ್ಲಸ್‌ಗೆ ಮುಟ್ಟಿಸಿದಾಗ ಹತ್ತಬೇಕು. ಹತ್ತದಿದ್ದರೆ ಫ್ಯೂಸ್, ಇಗ್ನಿಷನ್ ಸ್ವಿಚ್, ಆ ದಾರಿಯ ವೈರು ನೋಡಿ. ನಂತರ ಕಾಯಿಲ್‌ನ ಮೈನಸ್‌ಗೆ, ಅಂದರೆ ಪಾಯಿಂಟ್ ಕಡೆಯ ತುದಿಗೆ, ಮುಟ್ಟಿಸಿ ಸೆಲ್ಫ್ ಹೊಡೆಸಿ. ಬಲ್ಬ್ ಮಿನುಗಬೇಕು. ಮಿನುಗದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚಿಕೊಳ್ಳುತ್ತಿಲ್ಲ: ಮುಖದ ಮೇಲೆ ಎಣ್ಣೆ ಅಥವಾ ತುಕ್ಕು ಕೂತಿದೆ, ಇಲ್ಲವೇ ಗ್ಯಾಪ್ ವಿಪರೀತವಾಗಿದೆ. ಪ್ಲಸ್‌ನಲ್ಲಿ ಹತ್ತಿ ಇಲ್ಲಿ ಹತ್ತಲೇ ಇಲ್ಲವೆಂದರೆ ಪಾಯಿಂಟ್ ತೆರೆಯುತ್ತಿಲ್ಲ, ಪಾಯಿಂಟಿನ ಮುಖ ಸುಡದಂತೆ ಕಾಯುವ ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲ್‌ನ ಒಳಸುತ್ತು ಕಡಿದಿದೆ. ಪಾಯಿಂಟ್ ಸೆಟ್ ಹೊಸದಾಗಿ ಹಾಕಿದ ಮೇಲೆಯೇ ಹೀಗಾದರೆ ಅದರ ಬೋಲ್ಟಿನಲ್ಲಿರುವ ಫೈಬರ್ ವಾಷರುಗಳ ಕ್ರಮ ತಪ್ಪಿರುತ್ತದೆ. ವೈರಿನ ತುದಿಗಳು ಸ್ಪ್ರಿಂಗಿಗೆ ಮುಟ್ಟಿರಬೇಕು, ಡಿಸ್ಟ್ರಿಬ್ಯೂಟರ್ ಮೈಗೆ ಮುಟ್ಟಬಾರದು.

ಪಾಯಿಂಟ್ ಗ್ಯಾಪ್ ಹೆಚ್ಚಿನ ಕಾರುಗಳಲ್ಲಿ 0.4ರಿಂದ 0.5 ಮಿ.ಮೀ.; ನಿಮ್ಮ ಕಾರಿನ ಪುಸ್ತಕದ ಲೆಕ್ಕವೇ ಅಂತಿಮ. ಕ್ಯಾಮ್‌ನ ಉಬ್ಬು ಪಾಯಿಂಟನ್ನು ಪೂರ್ತಿ ತೆರೆದಾಗ ಫೀಲರ್ ಗೇಜ್ ಇಟ್ಟು ಅಳೆಯಬೇಕು. ಕ್ಯಾಮ್ ಮೇಲೆ ಜಾರುವ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ತಾನಾಗಿಯೇ ಕಿರಿದಾಗುತ್ತ ಹೋಗುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಕೂಡ ಹಿಂದೆ ಬೀಳುತ್ತದೆ. ಅಲ್ಲಿಗೆ ಅಕ್ಕಿ ಕಾಳಿನಷ್ಟು ಗ್ರೀಸ್ ಹಚ್ಚಬೇಕೆಂಬುದು ಮರೆತೇಹೋಗಿರುವ ಕೆಲಸ. ಪಾಯಿಂಟಿನ ಮುಖ ಉಜ್ಜಿದ ಮೇಲೆ ನಡುವೆ ಒಣ ರಟ್ಟಿನ ಚೂರು ಎಳೆದು ಪುಡಿ ತೆಗೆಯಿರಿ. ಇನ್ನೊಂದು ಜಾಗವನ್ನು ಬಹಳ ಮಂದಿ ನೋಡುವುದೇ ಇಲ್ಲ: ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತಿರುವ ತಟ್ಟೆಯನ್ನು ಹೊರಮೈಗೆ ಸೇರಿಸುವ ಹೆಣೆದ ಸಣ್ಣ ಅರ್ಥ್ ವೈರು. ಕಿಡಿಯ ಸಮಯ ಹೊಂದಿಸಲು ಆ ತಟ್ಟೆಯನ್ನು ಎಳೆಯುವ ವ್ಯಾಕ್ಯೂಮ್ ಅಡ್ವಾನ್ಸ್ ಜೊತೆ ಅಲ್ಲಾಡಿ ಅಲ್ಲಾಡಿ ಅದು ಕಡಿಯುತ್ತದೆ. ಪಾಯಿಂಟಿಗೆ ಬರುವ ವೈರು ಕೂಡ ಹೊರಗಿನ ಬಟ್ಟೆ ಸರಿ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರಬಹುದು. ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ.

ಕಾಯಿಲ್ ಅಳತೆ: ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇಲ್ಲದ ಕಾರಿನಲ್ಲಿ ಪ್ಲಸ್-ಮೈನಸ್ ನಡುವೆ ಸುಮಾರು 3 ಓಮ್, ಇರುವ ಕಾರಿನಲ್ಲಿ ಸುಮಾರು 1.5 ಓಮ್. ಹೊಸ ಕಾಯಿಲ್ ತಂದಾಗ ಈ ಎರಡು ಜಾತಿ ಅದಲು ಬದಲಾಗುವುದು ಮಾಮೂಲಿ. ನೀವು ಹಾಕಿರುವುದನ್ನು ಒಮ್ಮೆ ಅಳೆದು ನೋಡಿ.

ಕರೆಂಟ್ ಸರಿ ಇದೆ ಎಂದಾದರೆ ಪೆಟ್ರೋಲ್. ಎಂಜಿನ್ ನಿಂತಿರುವಾಗಲೇ ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿಯೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರ್ ಎಳೆಯಿರಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಬೇಕು. ಚಿಮ್ಮಿದರೆ ಕಾರ್ಬ್ಯುರೇಟರಿನ ಬಟ್ಟಲಾದ ಬೌಲ್‌ನಲ್ಲಿ ಪೆಟ್ರೋಲ್ ಇದೆ. ಇಲ್ಲದಿದ್ದರೆ ಕಾರ್ಬ್ಯುರೇಟರಿಗೆ ಬರುವ ಪೈಪ್ ಕಳಚಿ ಬಾಟಲಿಗೆ ಇಳಿಸಿ, ಕಾಯಿಲ್‌ನ ದಪ್ಪ ವೈರನ್ನು ಅರ್ಥ್ ಮಾಡಿ ಸೆಲ್ಫ್ ಹೊಡೆಸಿ. ಪೆಟ್ರೋಲ್ ಬಿಟ್ಟು ಬಿಟ್ಟು ಜೋರಾಗಿ ಬರಬೇಕು. ಬರದಿದ್ದರೆ ಒಮ್ಮೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ಹುಸ್ ಎಂದು ಗಾಳಿ ಒಳನುಗ್ಗಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಅದಲ್ಲವೆಂದರೆ ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪಿನಲ್ಲಿ ಸೀಳು. ಅಲ್ಲಿ ಪೆಟ್ರೋಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಎಸಿ ಪಂಪಿನ, ಅಂದರೆ ಎಂಜಿನ್ನಿನ ಬಲದಿಂದಲೇ ನಡೆಯುವ ಪೆಟ್ರೋಲ್ ಪಂಪಿನ, ಡಯಾಫ್ರಮ್ (ರಬ್ಬರ್ ಪರದೆ). ಅದು ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕಡ್ಡಿ ಮೂಸಿ ನೋಡಿ, ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಜೊತೆಗೆ ಆಯಿಲ್ಲನ್ನೂ ಬದಲಾಯಿಸಿದ ಮೇಲೆಯೇ ಎಂಜಿನ್ ಓಡಿಸಿ.

ಕಿಡಿ, ಪೆಟ್ರೋಲ್ ಎರಡೂ ಇದ್ದು, ಕಾರ್ಬ್ಯುರೇಟರಿನಿಂದ ಠಪ್ ಎಂದು ಹಿಂದಕ್ಕೆ ಹೊಡೆದರೆ ಟೈಮಿಂಗ್ ಅಥವಾ ವೈರುಗಳ ಕ್ರಮ. ನಾಲ್ಕು ಸಿಲಿಂಡರಿನ ಬಹುತೇಕ ಎಂಜಿನ್‌ಗಳಲ್ಲಿ ಕಿಡಿ ಹಾರುವ ಸಿಲಿಂಡರುಗಳ ಕ್ರಮ 1-3-4-2, ಕೆಲವದರಲ್ಲಿ 1-2-4-3. ರೋಟರ್ ಯಾವ ದಿಕ್ಕಿಗೆ ತಿರುಗುತ್ತದೆಂದು ನೋಡಿಕೊಂಡು ಆ ದಿಕ್ಕಿನಲ್ಲೇ ಎಣಿಸಬೇಕು.

ಪ್ರಶ್ನೆ: ಕೀ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕ್ಷಣ ಆರಿಹೋಗುತ್ತದೆ. ಪೆಟ್ರೋಲ್ ಸಮಸ್ಯೆಯೇ?

ಅಲ್ಲ. ಬ್ಯಾಲಸ್ಟ್ ರೆಸಿಸ್ಟರ್ ಸುಟ್ಟಿದೆ, ಅಥವಾ ಇಗ್ನಿಷನ್ ಸ್ವಿಚ್ಚಿನ ಆನ್ ಕಡೆಯ ಕಾಂಟ್ಯಾಕ್ಟ್ ಹೋಗಿದೆ. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ. ಕೀ ಬಿಟ್ಟ ಮೇಲೆ ರೆಸಿಸ್ಟರ್ ಮೂಲಕ ಬರುತ್ತದೆ. ಕೀ ಆನ್‌ನಲ್ಲಿಟ್ಟು ರೆಸಿಸ್ಟರಿನ ಎರಡೂ ತುದಿ ಪರೀಕ್ಷಿಸಿ. ಒಂದು ಕಡೆ 12 ವೋಲ್ಟ್, ಇನ್ನೊಂದು ಕಡೆ ಸೊನ್ನೆ ಎಂದರೆ ರೆಸಿಸ್ಟರ್. ಎರಡೂ ಕಡೆ ಸೊನ್ನೆ ಎಂದರೆ ಸ್ವಿಚ್ ಅಥವಾ ವೈರು. ಕೆಲವು ಕಾರುಗಳಲ್ಲಿ ಬಿಳಿ ಪಿಂಗಾಣಿಯ ರೆಸಿಸ್ಟರ್ ಇರುವುದಿಲ್ಲ, ಬದಲಿಗೆ ವೈರಿಂಗ್ ಕಟ್ಟಿನೊಳಗೇ ರೆಸಿಸ್ಟೆನ್ಸ್ ವೈರು ಇರುತ್ತದೆ. ಎರಡು ತುದಿಗೂ ತಂತಿ ಸುತ್ತಿ ಕೆಲಸ ಸಾಗಿಸುವುದು ಬೇಡ. ಕಾಯಿಲ್ ಕಾದು ಸುಡುತ್ತದೆ, ಪಾಯಿಂಟ್ ಬೇಗ ಕರಗುತ್ತದೆ.

ಪ್ರಶ್ನೆ: ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಪ್ಲಗ್ ಬಿಚ್ಚಿದರೆ ಒದ್ದೆ. ಚೋಕ್ ಎಳೆಯಬೇಕೇ, ಬೇಡವೇ?

ಒದ್ದೆಯಾದ ಮೇಲೆ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ನಿಧಾನವಾಗಿ ಪೂರ್ತಿ ಒತ್ತಿ, ಅಲ್ಲೇ ಹಿಡಿದು, ಹತ್ತು ಸೆಕೆಂಡಿನವರೆಗೆ ಸೆಲ್ಫ್ ಹೊಡೆಯಿರಿ. ಪದೇ ಪದೇ ಒತ್ತಿ ಬಿಟ್ಟರೆ ಪ್ರತಿ ಸಲವೂ ಆಕ್ಸಿಲರೇಟರ್ ಪಂಪ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಇಂಜೆಕ್ಷನ್ ಕಾರುಗಳಲ್ಲೂ ಪೆಡಲ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರುಗಳಾದ ಅನೇಕ ಇಸಿಯುಗಳು ಪೆಟ್ರೋಲ್ ನಿಲ್ಲಿಸುತ್ತವೆ.

ಹೀಗೆ ಮಾಡಿ ಸ್ಟಾರ್ಟ್ ಆಯಿತೆಂದರೆ ರೋಗ ಹೋಯಿತೆಂದಲ್ಲ. ಪ್ಲಗ್ ಒದ್ದೆಯಾಗಲು ಎರಡು ದಾರಿ: ಪೆಟ್ರೋಲ್ ಹೆಚ್ಚು ಬಂದಿದೆ, ಅಥವಾ ಬಂದದ್ದು ಉರಿದಿಲ್ಲ. ಎರಡನೆಯದೇ ಹೆಚ್ಚು, ಅದಕ್ಕೇ ಮೊದಲು ಕಿಡಿಯ ಬಣ್ಣ ನೋಡಿ ಎನ್ನುವುದು. ಕಿಡಿ ಗಟ್ಟಿಯಾಗಿದ್ದರೆ ಚೋಕ್ ಫ್ಲ್ಯಾಪ್ ಮುಚ್ಚಿದಲ್ಲೇ ಅಂಟಿಕೊಂಡಿದೆಯೇ ನೋಡಿ, ಆಮೇಲೆ ಬೌಲ್ ತುಂಬಿದಾಗ ಫ್ಲೋಟ್ ಏರಿ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್. ನೀಡಲ್ ತುದಿಯಲ್ಲಿ ಉಂಗುರದಂತೆ ಸವೆದ ಗುರುತು ಕಂಡರೆ ಬದಲಾಯಿಸಿ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿ ಮುಳುಗುತ್ತಿದೆ. ಒದ್ದೆ ಪ್ಲಗ್ಗನ್ನು ಒಲೆಯ ಮೇಲೆ ಕೆಂಪಗೆ ಕಾಯಿಸುವ ಅಭ್ಯಾಸ ಒಳ್ಳೆಯದಲ್ಲ, ಪಿಂಗಾಣಿ ಸೀಳುತ್ತದೆ. ಒರೆಸಿ, ಗಾಳಿ ಹೊಡೆದು ಒಣಗಿಸಿ. ಪಾಯಿಂಟ್ ಇಗ್ನಿಷನ್ನಿಗೆ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ.

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ಹಳೆಯ ಇಂಜೆಕ್ಷನ್ ಕಾರು. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ಗಂಟೆ ಓಡಿಸಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದಾಗ ಯಾವಾಗಲೂ ಸರಿ ಇರುತ್ತದೆ.

ಈ ಲಕ್ಷಣಕ್ಕೆ ಮೊದಲು ಅನುಮಾನಿಸಬೇಕಾದದ್ದು ಕ್ರ್ಯಾಂಕ್ ಸೆನ್ಸರ್. ಅದರೊಳಗಿನ ಕೂದಲಿನಷ್ಟು ತೆಳ್ಳಗಿನ ಸುತ್ತು ಬಿಸಿಗೆ ಹಿಗ್ಗಿ ಕಡಿದುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಇಸಿಯುಗೆ ತಲುಪದ ಕಾರಣ ಅದು ಕಿಡಿಯನ್ನೂ ಕೊಡುವುದಿಲ್ಲ, ಇಂಜೆಕ್ಟರನ್ನೂ ತೆರೆಯುವುದಿಲ್ಲ.

ಆದರೆ ಅನುಮಾನ ಬಂದ ಮಾತ್ರಕ್ಕೆ ಬದಲಾಯಿಸಬೇಡಿ. ಮುಂದಿನ ಸಲ ನಿಂತ ಜಾಗದಲ್ಲೇ ಮೂರು ಸಂಗತಿ ಗಮನಿಸಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್‌ಗುಡುತ್ತದೆಯೇ? ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ? ಕೀ ಗುರುತಿನ ಇಮೊಬಿಲೈಸರ್ ದೀಪ ಮಿನುಗುತ್ತಿದೆಯೇ? ದೀಪ ಮಿನುಗುತ್ತಿದ್ದರೆ ಕಾರು ಕೀಯನ್ನೇ ಗುರುತಿಸುತ್ತಿಲ್ಲ, ಇನ್ನೊಂದು ಕೀ ಹಾಕಿ ನೋಡಿ. ಮುಳ್ಳು ಏಳುವ ಕಾರಿನಲ್ಲಿ ಅದು ಸೊನ್ನೆಯಲ್ಲೇ ಸತ್ತಂತೆ ಬಿದ್ದಿದ್ದರೆ ಸೆನ್ಸರಿನ ಕಡೆ ಬೆರಳು ತೋರಿಸುತ್ತದೆ. ನಿಮ್ಮ ಕಾರಿನ ಮುಳ್ಳು ಸೆಲ್ಫ್ ಹೊಡೆಯುವಾಗ ಏಳುತ್ತದೋ ಇಲ್ಲವೋ ಎಂಬುದನ್ನು ಸರಿ ಇರುವಾಗಲೇ ನೋಡಿಟ್ಟುಕೊಳ್ಳಬೇಕು.

ಎರಡು ವೈರಿನ ಸೆನ್ಸರ್ ಆದರೆ ಬಿಸಿ ಇರುವಾಗಲೇ ಅದರ ವೈರಿನ ಕನೆಕ್ಟರ್ ಕಳಚಿ ಓಮ್ ಅಳೆಯಿರಿ. ಬಹುತೇಕ ಕೆಲವು ನೂರರಿಂದ ಸಾವಿರದ ಆಸುಪಾಸು ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಸುತ್ತು ಕಡಿದಿದೆ. ಒದ್ದೆ ಬಟ್ಟೆ ಸುತ್ತಿ ಸೆನ್ಸರನ್ನು ಮಾತ್ರ ತಣ್ಣಗಾಗಿಸಿದಾಗ ಕೂಡಲೇ ಸ್ಟಾರ್ಟ್ ಆದರೆ ಮತ್ತೆ ಸಾಕ್ಷಿ ಬೇಡ. ಹಾಲ್ ಜಾತಿಯ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ) ಮೂರು ವೈರಿನ ಸೆನ್ಸರಿಗೆ ಓಮ್ ಅಳತೆ ಅರ್ಥವಿಲ್ಲದ್ದು, ಅಲ್ಲಿ ಸಿಗ್ನಲ್ಲೇ ನೋಡಬೇಕು. ಸೆನ್ಸರಿನ ಮೂತಿಗೆ ಲೋಹದ ಪುಡಿ ಅಂಟಿಕೊಂಡಿದ್ದರೆ ಒರೆಸಿಬಿಡಿ.

ಮುಳ್ಳು ಏಳುತ್ತದೆ, ಕಿಡಿ ಇದೆ, ಪಂಪಿನ ಸದ್ದಿಲ್ಲ ಎಂದಾದರೆ ದಾರಿ ಬೇರೆ. ಫ್ಯೂಸ್ ನೋಡಿ, ಗುದ್ದಿದಾಗ ಪೆಟ್ರೋಲ್ ಕಡಿಯುವ ಸ್ವಿಚ್ ಇದ್ದರೆ ಅದರ ಗುಂಡಿ ಒತ್ತಿ, ಆಮೇಲೆ ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ. ಹಳೆಯ ರಿಲೇಗಳ ಒಳಗಿನ ಬೆಸುಗೆ ಸುತ್ತಲೂ ಬಳೆಯಂತೆ ಬಿರುಕು ಬಿಟ್ಟು ಬಿಸಿಲಿನಲ್ಲಿ ಮಾತ್ರ ಕೈಕೊಡುವುದುಂಟು. ಅದೇ ನಂಬರಿನ ಬೇರೆ ರಿಲೇ ಬಾಕ್ಸಿನಲ್ಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಸ್ಟಾರ್ಟ್ ಆದರೆ ಪಂಪಿನ ಬ್ರಷ್ ಸವೆದಿದೆ. ಮನೆ ತಲುಪಲು ಸಾಕು, ಮರುದಿನಕ್ಕೆ ನಂಬಬೇಡಿ. ಪಂಪ್ ಓಡುತ್ತಿದ್ದೂ ಸ್ಟಾರ್ಟ್ ಆಗದಿದ್ದರೆ ಪ್ರೆಶರ್ ಗೇಜ್ ಹಾಕಿಸಿ. ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ಕಾರಿನಲ್ಲಿ ಸುಮಾರು 2.5ರಿಂದ 3.5 ಬಾರ್, ಒಂದೇ ಇಂಜೆಕ್ಟರಿನ ಕಾರಿನಲ್ಲಿ ಸುಮಾರು 1 ಬಾರ್.

ಪ್ಲಗ್ ಕಪ್ಪಗೆ, ಒದ್ದೆಯಾಗಿದ್ದರೆ ಎಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರ್ ನೋಡಿ. 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು ಬರುವುದು ಸಾಮಾನ್ಯ. ಬಿಸಿ ಎಂಜಿನ್ನಿನಲ್ಲೂ ಅದು ಸಾವಿರಗಳಲ್ಲೇ ಇದ್ದರೆ ಇಸಿಯು ಎಂಜಿನ್ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ.

ಪ್ರಶ್ನೆ: ಓಡುತ್ತಿದ್ದ ಕಾರು ರಸ್ತೆಯಲ್ಲೇ ನಿಂತಿತು. ಈಗ ಸೆಲ್ಫ್ ಮೊದಲಿಗಿಂತ ಜೋರಾಗಿ, ಹಗುರವಾಗಿ ತಿರುಗುತ್ತಿದೆ. ಬ್ಯಾಟರಿ ಅಷ್ಟು ಚೆನ್ನಾಗಿದೆ ಎಂದರ್ಥವೇ?

ಸೆಲ್ಫ್ ಹೊಡೆಯುವುದನ್ನು ಇಲ್ಲಿಗೇ ನಿಲ್ಲಿಸಿ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಕಡಿದಿರುವ ಸದ್ದು ಇದು. ಒಳ್ಳೆಯ ಎಂಜಿನ್ ತಿರುಗುವಾಗ ಒಂದೊಂದು ಸಿಲಿಂಡರ್ ಗಾಳಿಯನ್ನು ಅದುಮುವ ಕಂಪ್ರೆಷನ್‌ಗೂ ತಡೆದು ತಡೆದು ಸದ್ದು ಬರುತ್ತದೆ. ಬೆಲ್ಟ್ ಹೋದರೆ ಆ ತಡೆಯೇ ಇಲ್ಲದೆ ಒಂದೇ ಸಮನೆ ಗಿರ್ರೆನ್ನುತ್ತದೆ. ಖಾತ್ರಿ ಮಾಡಿಕೊಳ್ಳಲು ಬೆಲ್ಟಿನ ಮೇಲಿನ ಕವರ್ ಸರಿಸಿ ನೋಡಿ. ಕ್ಯಾಮ್‌ಶಾಫ್ಟಿನಿಂದ ತಿರುಗುವ ಡಿಸ್ಟ್ರಿಬ್ಯೂಟರ್ ಇದ್ದರೆ ಕ್ಯಾಪ್ ತೆಗೆದು, ಒಂದೇ ಒಂದು ಕ್ಷಣ ಸೆಲ್ಫ್ ತಾಗಿಸಿದಾಗ ರೋಟರ್ ಅಲ್ಲಾಡದಿದ್ದರೆ ಅನುಮಾನವೇ ಬೇಡ. ಪಿಸ್ಟನ್ ವಾಲ್ವಿಗೆ ತಾಗುವ ವಿನ್ಯಾಸದ ಎಂಜಿನ್ ಆದರೆ ವಾಲ್ವ್ ಬಗ್ಗಿರಬಹುದು. ಹೊಸ ಬೆಲ್ಟ್ ಹಾಕಿದ ಮೇಲೆ ಮೊದಲು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ನಂತರ ಕಂಪ್ರೆಷನ್ ಅಳೆಸಿ. ಪೆಟ್ರೋಲ್ ಎಂಜಿನ್ನಿಗೆ 10ರಿಂದ 12 ಬಾರ್ ಇದ್ದರೆ ಒಳ್ಳೆಯದು. ಯಾವುದಾದರೂ ಸಿಲಿಂಡರ್ ಸೊನ್ನೆಯ ಹತ್ತಿರವಿದ್ದರೆ ಹೆಡ್ ಬಿಚ್ಚಲೇಬೇಕು.

ಪ್ರಶ್ನೆ: ಒಂದು ವರ್ಷ ಶೆಡ್ಡಿನಲ್ಲಿ ನಿಂತ ಕಾರ್ಬ್ಯುರೇಟರ್ ಕಾರು. ಹೊಸ ಬ್ಯಾಟರಿ ಹಾಕಿದೆ, ತಿರುಗುತ್ತದೆ, ಸ್ಟಾರ್ಟ್ ಇಲ್ಲ.

ಟ್ಯಾಂಕಿನ ಪೆಟ್ರೋಲ್ ಮೂಸಿ ನೋಡಿ. ವಾರ್ನಿಷ್ ವಾಸನೆ ಬಂದರೆ ಅದು ಪೆಟ್ರೋಲ್ ಆಗಿ ಉಳಿದಿಲ್ಲ. ಬೇಗ ಉರಿಯುವ ಹಗುರ ಅಂಶವೆಲ್ಲ ಹಾರಿಹೋಗಿ ಅಂಟು ಉಳಿದಿದೆ. ಅದರ ಮೇಲೆ ಹೊಸದು ಸುರಿಯಬೇಡಿ. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಾಯಿಸಿ, ಕಾರ್ಬ್ಯುರೇಟರ್ ಬೌಲ್ ಬಿಚ್ಚಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳನ್ನು ಕ್ಲೀನರ್ ಮತ್ತು ಗಾಳಿಯಿಂದ ತೊಳೆಯಿರಿ. ತಂತಿ ಚುಚ್ಚಿದರೆ ಜೆಟ್ಟಿನ ಅಳತೆ ಕೆಡುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಇಲಿ ಗೂಡು ಕಟ್ಟಿರುತ್ತದೆ. ಅಲ್ಲಿ ಗೂಡಿದ್ದರೆ ವೈರುಗಳನ್ನೂ ಕಡಿದಿರುತ್ತದೆ. ಪಾಯಿಂಟ್ ಮುಖಕ್ಕೆ ಮಬ್ಬು ಹಿಡಿದಿರುವುದಂತೂ ಖಂಡಿತ. ಬೌಲ್ ಖಾಲಿಯಿದ್ದಾಗ ಎಸಿ ಪಂಪ್ ಅದನ್ನು ತುಂಬಿಸಲು ಹತ್ತು ಸೆಕೆಂಡಿನ ಕೆಲವು ಸುತ್ತು ಬೇಕಾಗುತ್ತದೆ. ಪಂಪಿಗೆ ಕೈ ಲಿವರ್ ಇದ್ದರೆ ಅದನ್ನೇ ಒತ್ತಿ. ಕಾರ್ಬ್ಯುರೇಟರ್ ಬಾಯಿಗೆ ಲೋಟದಲ್ಲಿ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವವರ ಹುಬ್ಬು ಸುಟ್ಟಿರುತ್ತದೆ.

ಪ್ರಶ್ನೆ: ಹಳೆಯ ಡೀಸೆಲ್ ಕಾರಿಗೂ ಇದೇ ಕ್ರಮವೇ?

ಡೀಸೆಲ್‌ಗೆ ಕಿಡಿಯ ಮಾತಿಲ್ಲ. ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ: ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್, ಕಂಪ್ರೆಷನ್ ಅಥವಾ ನಿಧಾನವಾದ ಸೆಲ್ಫ್. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಹೀಟರ್ ಪ್ಲಗ್‌ಗಳ ಮೇಲಿನ ಪಟ್ಟಿ ಕಳಚಿ ಒಂದೊಂದನ್ನೇ ಅಳೆಯಿರಿ, 1 ಓಮಿನ ಆಸುಪಾಸು ಅಥವಾ ಕಡಿಮೆ ಬಂದರೆ ಸರಿ. ಡೀಸೆಲ್ ಬರದಿದ್ದರೆ ಮೊದಲು ಕೀ ಆಫ್ ಮಾಡಿದಾಗ ಡೀಸೆಲ್ ಕಡಿಯುವ, ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ಟಿಕ್ ಎನ್ನಬೇಕು. ಆಮೇಲೆ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿ: ಫಿಲ್ಟರ್ ಮೇಲಿನ ಕೈ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಬ್ಲೀಡ್ ಸ್ಕ್ರೂವಿನಲ್ಲಿ ಗುಳ್ಳೆ ನಿಲ್ಲುವವರೆಗೆ ಬಿಡಿ. ಪ್ರತಿ ಬೆಳಗ್ಗೆ ಏರ್ ಹಿಡಿಯುತ್ತಿದ್ದರೆ ಪಂಪಿಗೆ ಹೋಗುವ ಪೈಪಿನಲ್ಲಿ ಸ್ವಲ್ಪ ಉದ್ದ ಪಾರದರ್ಶಕ ಟ್ಯೂಬ್ ಹಾಕಿ ಗುಳ್ಳೆ ಎಲ್ಲಿಂದ ಬರುತ್ತದೆಂದು ಹುಡುಕಿ. ಇಂಜೆಕ್ಟರ್ ನಟ್ ಸಡಿಲಿಸಿ ಏರ್ ಬಿಡುವುದು ಹಳೆಯ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ಪೈಪಿನೊಳಗಿನ ಒತ್ತಡ ಸಾವಿರ ಬಾರ್ ದಾಟಬಲ್ಲದು, ಡೀಸೆಲ್ ಧಾರೆ ಚರ್ಮ ಸೀಳಿ ಒಳಹೋಗುತ್ತದೆ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಅದು ಸಮಯಕ್ಕೆ ಮುಂಚೆಯೇ ಸಿಡಿದು ಪಿಸ್ಟನ್ ರಿಂಗ್ ಮುರಿಯುತ್ತದೆ.

ಪ್ರಶ್ನೆ: ಸೆಲ್ಫ್ ತಿರುಗುವ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದೇ?

ಸೆಲ್ಫ್ ಸರಿಯಾದ ವೇಗದಲ್ಲಿ ತಿರುಗುತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ, ಸೆಲ್ಫ್ ಮಾಡುವ ಕೆಲಸವನ್ನೇ ನೀವು ಬೆವರು ಸುರಿಸಿ ಮಾಡಿದಂತಾಗುತ್ತದೆ. ಬ್ಯಾಟರಿ ಇಳಿದು ಸೆಲ್ಫ್ ಹೊಡೆಯುವಾಗ ಕಿಡಿ ದುರ್ಬಲವಾಗುತ್ತಿದ್ದರೆ ಮಾತ್ರ ಉಪಯೋಗ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ಹೆಚ್ಚು ದೂರ ತಳ್ಳಬೇಡಿ: ಉರಿಯದ ಪೆಟ್ರೋಲ್ ಅದರೊಳಗೆ ಸೇರಿ, ಎಂಜಿನ್ ಹತ್ತಿಕೊಂಡ ಮೇಲೆ ಅಲ್ಲೇ ಉರಿದು ಒಳಗಿನ ಜೇನುಗೂಡು ಕರಗುತ್ತದೆ.